ಬಿಳಿ ಧೂಪದಾನಿಯನ್ನು ಮೊದಲು ಮಗುಚಿ ನೋಡಿ

ಚೀನಾದ ಹಳೆಯ ಬಿಳಿ ಪಿಂಗಾಣಿ ಧೂಪದಾನಿಯ ಮೇಲೆ ಚಿತ್ರವಿಲ್ಲ, ಬಣ್ಣವಿಲ್ಲ. ನೀಲಿ-ಬಿಳಿ ಹೂಜಿಯಾದರೆ ಕುಂಚದ ಗೆರೆ, ಕೋಬಾಲ್ಟಿನ ಛಾಯೆ, ಹೂಬಳ್ಳಿಯ ಶೈಲಿ ನೋಡಿ ಅದರ ಕಾಲವನ್ನು ಒಂದಿಷ್ಟು ಅಂದಾಜು ಮಾಡಬಹುದು. ಇಲ್ಲಿ ಅದಾವುದೂ ಸಿಗುವುದಿಲ್ಲ. ಕೈಗೆ ಸಿಗುವುದು ಜೇಡಿ, ಮೆರುಗು (ಮೇಲಿನ ಗಾಜಿನಂಥ ಲೇಪ) ಮತ್ತು ಕೈಕೆಲಸ, ಈ ಮೂರೇ. ಹೊಸದಾಗಿ ಸಂಗ್ರಹಕ್ಕೆ ಇಳಿದವರು ಬಿಳುಪಿನ ಹದವನ್ನೂ ತಳದ ಮುದ್ರೆಯನ್ನೂ ನಂಬಿ ದುಡ್ಡು ಕೊಡುತ್ತಾರೆ. ಇರುವ ಸಾಕ್ಷಿಗಳಲ್ಲೆಲ್ಲ ಅತ್ಯಂತ ದುರ್ಬಲವಾದವು ಇವೆರಡೇ. ತಳದ ಬಳೆ, ಒಳಮೈ, ಹಿಡಿ ಕೂಡಿಸಿದ ಜಾಗ ಇವುಗಳನ್ನು ಓದಲು ಕಲಿತವರು ಮೋಸ ಹೋಗುವುದು ಕಡಿಮೆ.

ಮಾರುಕಟ್ಟೆಯಲ್ಲಿ ಸಿಗುವ ಬಿಳಿ ಧೂಪದಾನಿಗಳಲ್ಲಿ ಹೆಚ್ಚಿನವು ದೆಹುವಾದವು. ಫೂಜಿಯಾನ್ ಪ್ರಾಂತ್ಯದ ಚ್ವಾಂಝೌ ಬಂದರಿನ ಒಳನಾಡಿನಲ್ಲಿರುವ ಗುಡ್ಡಗಾಡು ಸೀಮೆ ಅದು. ಹರಾಜು ಸಂಸ್ಥೆಗಳ ಪಟ್ಟಿಯಲ್ಲಿ ಇವು 'ಬ್ಲಾಂಕ್ ದ ಶೀನ್' ಎಂಬ ಫ್ರೆಂಚ್ ಹೆಸರಿನಲ್ಲಿ ಬರುತ್ತವೆ, ಹುಡುಕುವಾಗ ಎರಡೂ ಹೆಸರು ಹಾಕಿ. ಸಾಂಗ್ ಮತ್ತು ಯುವಾನ್ ರಾಜವಂಶಗಳ ಕಾಲದಲ್ಲೇ (10ರಿಂದ 14ನೇ ಶತಮಾನ) ಅಲ್ಲಿಂದ ಹಡಗುಗಟ್ಟಲೆ ಪಿಂಗಾಣಿ ಹೊರದೇಶಗಳಿಗೆ ಹೋಗುತ್ತಿತ್ತು. 2021ರಲ್ಲಿ ಚ್ವಾಂಝೌ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ದೆಹುವಾದ ಹಳೆಯ ಆವಿಗೆಗಳ ನೆಲೆಗಳೂ ಅದರ ಭಾಗವಾದವು. ನಾವು ಸಂಗ್ರಹಿಸುವ ಧೂಪದಾನಿಗಳು ಮಾತ್ರ ಬಹುಪಾಲು ಮಿಂಗ್ ಕಾಲದ ಕೊನೆ ಮತ್ತು ಚಿಂಗ್ ಕಾಲದವು, ಅಂದರೆ 17ನೇ ಶತಮಾನದಿಂದ ಈಚಿನವು.

ದೆಹುವಾದ ಜೇಡಿಯಲ್ಲಿ ಕಬ್ಬಿಣದ ಅಂಶ ತೀರ ಕಡಿಮೆ, ಪೊಟ್ಯಾಶ್ ಹೆಚ್ಚು. ಕಬ್ಬಿಣ ಕಡಿಮೆಯಾದ್ದರಿಂದ ಬಿಳುಪು. ಪೊಟ್ಯಾಶ್ ಹೆಚ್ಚಾದ್ದರಿಂದ ಸುಡುವಾಗ ಒಡಲಿನ, ಅಂದರೆ ಮೆರುಗಿನ ಕೆಳಗಿನ ಜೇಡಿಯ, ದೊಡ್ಡ ಭಾಗ ಗಾಜಿನಂತಾಗಿ ಬೆಳಕನ್ನು ಒಳಗೆ ಬಿಡುತ್ತದೆ. ಒಡಲೂ ಮೆರುಗೂ ಹತ್ತಿರದ ಸಂಬಂಧಿಗಳಾಗಿರುವುದರಿಂದ ಎರಡೂ ಬೆಸೆದುಹೋಗುತ್ತವೆ, ಚಕ್ಕೆ ಎದ್ದ ಜಾಗದಲ್ಲೂ ನಡುವಿನ ಗೆರೆ ಕಾಣುವುದು ಕಷ್ಟ. ಇದಕ್ಕೊಂದು ಬೆಲೆಯೂ ಇದೆ: ಗಾಜಾಗುವ ಜೇಡಿ ಆವಿಗೆಯ ಬಿಸಿಯಲ್ಲಿ ಮೆತ್ತಗಾಗಿ ಕುಸಿಯುತ್ತದೆ. ಹಾಗಾಗಿಯೇ ಅಲ್ಲಿನವರು ಅಗಲವಾದ ತಟ್ಟೆಗಳ ಗೋಜಿಗೆ ಹೆಚ್ಚು ಹೋಗದೆ ವಿಗ್ರಹ, ಬಟ್ಟಲು, ದಪ್ಪ ಗೋಡೆಯ ಧೂಪದಾನಿಗಳಲ್ಲಿ ಕೈ ಪಳಗಿಸಿದರು. ಬಾಯಿಯ ಅಗಲ 10ರಿಂದ 15 ಸೆಂಟಿಮೀಟರ್ ಇರುವ ಧೂಪದಾನಿಯನ್ನು ಎತ್ತಿದಾಗ ಅಂದುಕೊಂಡದ್ದಕ್ಕಿಂತ ಭಾರ ಎನಿಸಬೇಕು. ಹಗುರವೆನಿಸಿದರೆ ಅನುಮಾನ ಅಲ್ಲಿಂದಲೇ ಶುರುವಾಗಲಿ.

ಬಿಳುಪಿನ ಹದ ಆವಿಗೆಯೊಳಗಿನ ಗಾಳಿಯ ಮೇಲೆ ನಿಂತಿದೆ. ಗಾಳಿ ಚೆನ್ನಾಗಿ ಆಡಿದರೆ ಇರುವ ಚೂರು ಕಬ್ಬಿಣ ಹಳದಿ ಛಾಯೆ ಕೊಟ್ಟು ದಂತದ ಬಣ್ಣ ಬರುತ್ತದೆ. ಹೊಗೆ ಕಟ್ಟಿ ಗಾಳಿ ಕಡಿಮೆಯಾದರೆ ಅದೇ ಕಬ್ಬಿಣ ತಣ್ಣನೆಯ ನೀಲಿ ಛಾಯೆ ಕೊಡುತ್ತದೆ. ಮಿಂಗ್ ಕೊನೆಯ ವಸ್ತುಗಳು ದಂತದ ಬಣ್ಣಕ್ಕೂ ಚಿಂಗ್ ಕಾಲದವು ತಣ್ಣನೆಯ ಬಿಳುಪಿಗೂ ವಾಲುತ್ತವೆ ಎಂಬುದು ಒಟ್ಟಾರೆ ಸರಿ. ಆದರೆ ಒಂದೇ ಆವಿಗೆಯ ಎರಡು ಮೂಲೆಗಳಲ್ಲಿ ಎರಡು ಬಿಳುಪು ಬರುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ದೆಹುವಾದಲ್ಲಿ ಇಂದಿಗೂ ಪಿಂಗಾಣಿ ಮಾಡುತ್ತಾರೆ, ದಂತದ ಬಣ್ಣವನ್ನು ಬೇಕೆಂದಾಗ ತರಬಲ್ಲರು. "ಬೆಣ್ಣೆಯ ಬಣ್ಣ ಇದೆ, ಹಾಗಾಗಿ ಮಿಂಗ್" ಎಂದು ಮಾರುವವರ ಮಾತಿಗೆ ಕಿವಿಗೊಡಬೇಡಿ.

ಆಕಾರಗಳು

ಬಹುಪಾಲು ಆಕಾರಗಳು ಪ್ರಾಚೀನ ಕಂಚಿನ ಪೂಜಾ ಪಾತ್ರೆಗಳಿಂದ ಬಂದವು. ಅತಿ ಹೆಚ್ಚು ಸಿಗುವುದು 'ಗ್ವೇ' ಮಾದರಿ: ಕುಳ್ಳಗೆ ಉಬ್ಬಿದ ಹೊಟ್ಟೆ, ಹೊರಕ್ಕೆ ಬಾಗಿದ ಅಂಚು, ಕೆಳಗೆ ಬಳೆಯಂಥ ಪಾದ, ಎರಡು ಬದಿಯಲ್ಲಿ ಹಿಡಿಯಂತೆ ಸಿಂಹದ ಮುಖ. ಮೂಲ ಕಂಚಿನ ಗ್ವೇ ಧಾನ್ಯದ ನೈವೇದ್ಯಕ್ಕೆ ಬಳಸುತ್ತಿದ್ದ ಪಾತ್ರೆ. ಎರಡನೆಯದು 'ಡಿಂಗ್' ಮಾದರಿ, ಮೂರು ಕಾಲು, ಮೇಲೆ ಎರಡು ಕಿವಿ. ಮೂರನೆಯದು ನೇರ ಗೋಡೆಯ ಕೊಳವೆ, ಸುತ್ತ ಹುರಿಯಂಥ ಉಬ್ಬುಗೆರೆ, ಕೆಳಗೆ ಮೂರು ಪುಟ್ಟ ಕಾಲು. ಆಯತಾಕಾರದವೂ ಇವೆ, ಅಪರೂಪ.

ದೇವರ ಮುಂದೆ ಧೂಪದಾನಿ ಒಂಟಿಯಾಗಿ ಇರುತ್ತಿರಲಿಲ್ಲ. ದೊಡ್ಡ ಪೂಜಾಪೀಠದಲ್ಲಿ ನಡುವೆ ಧೂಪದಾನಿ, ಇಕ್ಕೆಲದಲ್ಲಿ ಎರಡು ದೀಪಸ್ತಂಭ, ಎರಡು ಹೂದಾನಿ, ಹೀಗೆ ಐದರ ಜೋಡಣೆ. ಓದುಬರಹದವರ ಮೇಜಿನ ಮೇಲೆ ಮೂರರ ಜೋಡಣೆ: ಧೂಪದಾನಿ, ಗಂಧದ ಪುಡಿಗೆ ಮುಚ್ಚಳದ ಡಬ್ಬಿ, ಚಿಮಟಿಗೆ-ಚಮಚ ಇಡಲು ಸಣ್ಣ ಹೂಜಿ. ಪೂರ್ತಿ ಜೋಡಣೆ ಎಂದು ಮಾರುವುದರಲ್ಲಿ ಬೇರೆ ಬೇರೆ ಕಡೆಯಿಂದ ಕೂಡಿಸಿದ್ದೇ ಹೆಚ್ಚು. ಬಿಳುಪು, ತಳದ ಕೆಲಸ, ಮೆರುಗಿನ ದಪ್ಪ ಮೂರೂ ಹೊಂದುತ್ತವೆಯೇ ಎಂದು ಅಕ್ಕಪಕ್ಕ ಇಟ್ಟು ಹಗಲು ಬೆಳಕಲ್ಲಿ ನೋಡಿ. ಮರದ ಮುಚ್ಚಳ, ಮರದ ಪೀಠ ಬಹುತೇಕ ಆಮೇಲೆ ಸೇರಿದವು. ಅವುಗಳಿಗಾಗಿ ಹೆಚ್ಚು ಬೆಲೆ ಕೊಡಬೇಕಾಗಿಲ್ಲ.

ಬೇರೆ ಕಡೆಯ ಬಿಳಿ ವಸ್ತುಗಳು ದೆಹುವಾ ಹೆಸರಲ್ಲಿ ಓಡಾಡುವುದುಂಟು. ಮೈತುಂಬ ಬಲೆಯಂಥ ಸಣ್ಣ ಸೀಳುಗಳಿರುವ ಕೆನೆಬಣ್ಣದ ಧೂಪದಾನಿ ಚೀನಾದ ಇನ್ನೊಂದು ಪಿಂಗಾಣಿ ಊರಾದ ಜಿಂಗ್‌ಡೆಜೆನ್‌ನ 18ನೇ ಶತಮಾನದ ಬಗೆಯದಿರಬಹುದು. ದೆಹುವಾ ಮೆರುಗು ಸಾಮಾನ್ಯವಾಗಿ ಹೀಗೆ ಸೀಳುವುದಿಲ್ಲ. ಹಿಮದಂತೆ ತಣ್ಣಗಿನ ಬಿಳುಪು, ಕೂದಲೆಳೆಯಷ್ಟು ನಯವಾದ ಕೆತ್ತನೆ ಇದ್ದರೆ ಜಪಾನಿನ ಹಿರಾದೊ ಪಿಂಗಾಣಿ ಇರಬಹುದೇ ಎಂದು ಯೋಚಿಸಿ.

ಪರೀಕ್ಷೆ

ಬೇಕಾಗುವ ಸಾಮಾನು ಹೆಚ್ಚಿಲ್ಲ: ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಮಸೂರ, ಬಿಳಿ ಎಲ್‌ಇಡಿ ಟಾರ್ಚ್, 365 ನ್ಯಾನೋಮೀಟರಿನ ಯುವಿ ಟಾರ್ಚ್, ಹತ್ತಿಕಡ್ಡಿ, ಸ್ವಲ್ಪ ಅಸಿಟೋನ್, ಗ್ರಾಂ ತೋರಿಸುವ ತಕ್ಕಡಿ. ಉಂಗುರ, ಬಳೆ, ವಾಚು ತೆಗೆದಿಡಿ. ಮೇಜಿನ ಮೇಲೆ ದಪ್ಪ ಟವೆಲ್ ಹಾಸಿ. ಸಿಂಹದ ಮುಖ ಹಿಡಿದು ಎಂದೂ ಎತ್ತಬೇಡಿ, ಒಂದು ಕೈ ತಳದಲ್ಲಿ, ಇನ್ನೊಂದು ಹೊಟ್ಟೆಯ ಮೇಲೆ ಇರಲಿ.

ಮೊದಲು ಮಗುಚಿ. ಪಾದದ ಬಳೆಯ ತುದಿಗೆ ಮೆರುಗು ಇರುವುದಿಲ್ಲ. ಆವಿಗೆಯಲ್ಲಿ ಕೆಳಗಿನ ಆಸರೆಗೆ ಅಂಟಿಕೊಳ್ಳದಿರಲೆಂದು ಒರೆಸಿರುತ್ತಾರೆ. ಒರೆಸಿದ ಗೆರೆ ತುಸು ಅಂಕುಡೊಂಕಾಗಿರುತ್ತದೆ. ಅಲ್ಲಿ ಕಾಣುವ ಬರಿ ಒಡಲು ನುಣುಪಾಗಿ, ಒತ್ತಾಗಿ ಇರಬೇಕು, ಮರಳು ಮರಳಾಗಿರಬಾರದು. ಶತಮಾನಗಟ್ಟಲೆ ಮೇಜು, ಪೀಠದ ಮೇಲೆ ಉಜ್ಜಿದ ಬಳೆಯಲ್ಲಿ ನೆಲ ತಾಗುವ ಏಣು ಸವೆದು ಮಿನುಗುತ್ತದೆ, ಗೀರುಗಳು ಎಲ್ಲ ದಿಕ್ಕಿಗೂ ಹರಿದಿರುತ್ತವೆ, ಕೊಳೆ ತಗ್ಗಿನಲ್ಲಿ ಕುಳಿತಿರುತ್ತದೆ. ನಕಲಿ ಮಾಡುವವರು ಮರಳು ಕಾಗದದಿಂದ ಉಜ್ಜುತ್ತಾರೆ, ಆಗ ಗೀರು ಒಂದೇ ದಿಕ್ಕಿಗೆ ಇರುತ್ತದೆ. ಚಹಾ ಅಥವಾ ಪೊಟ್ಯಾಶಿಯಂ ಪರ್ಮಾಂಗನೇಟ್ ಬಳಿದು ಕಂದು ಬಣ್ಣ ತರಿಸುತ್ತಾರೆ, ಆಗ ಉಬ್ಬು-ತಗ್ಗು ಎನ್ನದೆ ಎಲ್ಲೆಡೆ ಒಂದೇ ಬಣ್ಣ. ಒದ್ದೆ ಹತ್ತಿಕಡ್ಡಿಗೆ ಬಣ್ಣ ಹತ್ತಿದರೆ ಅಲ್ಲಿಗೇ ಮುಗಿಯಿತು.

ಆಮೇಲೆ ಒಳಮೈ. ಟಾರ್ಚ್ ಬೆಳಕನ್ನು ಓರೆಯಾಗಿ ಬಿಡಿ. ತಿಗರಿಯ ಮೇಲೆ ಎತ್ತಿದ ಪಾತ್ರೆಯಲ್ಲಿ ಬೆರಳಿನ ಸುತ್ತುಗೆರೆ ನವಿರಾಗಿ ಕಾಣುತ್ತದೆ. ಅಚ್ಚಿಗೆ ಒತ್ತಿ ಮಾಡಿದ್ದರಲ್ಲಿ ಬೆರಳೊತ್ತಿದ ತಗ್ಗುಗಳು, ಗೋಡೆಯ ದಪ್ಪದಲ್ಲಿ ಏರುಪೇರು ಇರುತ್ತವೆ. ಇಂದಿನ ಕಾರ್ಖಾನೆಗಳಲ್ಲಿ ನೀರಾಗಿ ಕಲಸಿದ ಜೇಡಿಯನ್ನು ಪ್ಲಾಸ್ಟರ್ ಅಚ್ಚಿಗೆ ಸುರಿಯುತ್ತಾರೆ. ಅಚ್ಚು ನೀರು ಹೀರಿ ಒಂದೇ ದಪ್ಪದ ಪದರ ಕಟ್ಟುತ್ತದೆ, ಉಳಿದದ್ದನ್ನು ಹೊರಗೆ ಚೆಲ್ಲುತ್ತಾರೆ. ಹೀಗಾಗಿ ಹೊರಗಿನ ಉಬ್ಬುಕೆಲಸ ಒಳಗೆ ತಗ್ಗಾಗಿ ಮೂಡುತ್ತದೆ. ಸಿಂಹದ ಮುಖದ ನೇರ ಹಿಂದೆ ಒಳಗಡೆ ಬೆರಳಿಟ್ಟು ನೋಡಿ. ಅಲ್ಲಿ ಮುಖದ ಆಕಾರಕ್ಕೆ ಹೊಂದುವ ಗುಳಿ ಸಿಕ್ಕರೆ ಅದು ಸುರಿದು ಮಾಡಿದ ಹೊಸ ವಸ್ತು. ಹಳೆಯದರಲ್ಲಿ ಮುಖವನ್ನು ಬೇರೆ ಅಚ್ಚಿನಲ್ಲಿ ಒತ್ತಿ, ಜೇಡಿನೀರಿನಿಂದ ಹೊಟ್ಟೆಗೆ ಅಂಟಿಸಿ, ಕೂದಲು, ಹುಬ್ಬುಗಳನ್ನು ಮೊನೆಯಿಂದ ತಿದ್ದುತ್ತಿದ್ದರು. ಅಂಟಿಸಿದ ಕಡೆ ಒಳಗೆ ನುಣುಪಾದ ಗೋಡೆಯೇ ಇರುತ್ತದೆ.

ಹಿಡಿ ಕೂಡಿಸಿದ ಜಾಗಕ್ಕೆ ಸಾಕಷ್ಟು ಹೊತ್ತು ಕೊಡಿ. ಹೊಟ್ಟೆಯೂ ಸಿಂಹದ ಮುಖವೂ ಒಂದೇ ವೇಗದಲ್ಲಿ ಒಣಗುವುದಿಲ್ಲ, ಹಾಗಾಗಿ ಅವುಗಳ ನಡುವೆ ಸುಡುವ ಮೊದಲೇ ಸಣ್ಣ ಬಿರುಕು ಬರುವುದು ಸಾಮಾನ್ಯ. ಅಂಥ ಬಿರುಕಿನ ಅಂಚು ದುಂಡಗಿರುತ್ತದೆ, ಮೆರುಗು ಒಳಕ್ಕೆ ಇಳಿದಿರುತ್ತದೆ. ತಳದ ನಡುವೆಯೂ ಹೀಗೆ ಬಾಯಿಬಿಟ್ಟ ಬಿರುಕು ಕಾಣುತ್ತದೆ. ಇದು ಹುಟ್ಟಿನಿಂದ ಬಂದದ್ದು, ಮುಂದೆ ಬೆಳೆಯುವುದಿಲ್ಲ, ಬೆಲೆಯನ್ನೂ ಹೆಚ್ಚು ತಗ್ಗಿಸುವುದಿಲ್ಲ. ಆಮೇಲೆ ಪೆಟ್ಟು ಬಿದ್ದು ಬಂದ ಕೂದಲೆಳೆ ಬಿರುಕು ಬೇರೆ: ಅಂಚು ಚೂಪು, ಗೆರೆ ಮೆರುಗನ್ನು ಕತ್ತರಿಸಿಕೊಂಡು ಹೋಗುತ್ತದೆ, ಹಳೆಯದಾದರೆ ಒಳಗೆ ಕೊಳೆ ಕಟ್ಟಿರುತ್ತದೆ. ಅದು ಬಿಸಿ ತಾಗಿದರೆ ಉದ್ದವಾಗುತ್ತದೆ.

ಮೆರುಗನ್ನು ಮಸೂರದಲ್ಲಿ ನೋಡುವಾಗ ಅಲ್ಲೊಂದು ಇಲ್ಲೊಂದು ಕಬ್ಬಿಣದ ಕಪ್ಪು ಚುಕ್ಕಿ ಕಂಡರೆ ಗಾಬರಿ ಬೇಡ, ಸೌದೆಯ ಆವಿಗೆಯಲ್ಲಿ ಅದು ಸಹಜ. ಅನುಮಾನ ಪಡಬೇಕಾದದ್ದು ಮೈಯೆಲ್ಲ ಒಂದೇ ಸಮ ಮಂಕಾಗಿದ್ದರೆ. ಹೊಸ ಹೊಳಪನ್ನು ಆಮ್ಲದಿಂದ ಕೊಲ್ಲುವುದು ಹಳೆಯ ತಂತ್ರ. ಕೈ, ಬಟ್ಟೆ ತಾಗದ ಸಿಂಹದ ಕಿವಿಯ ಹಿಂದಿನ ಮೂಲೆಯೂ ಮಂಕಾಗಿದ್ದರೆ ಅದು ಬಳಕೆಯಿಂದ ಬಂದ ಸವೆತವಲ್ಲ. ಇದಕ್ಕೊಂದು ವಿನಾಯಿತಿ ಇದೆ. ಮುಳುಗಿದ ಹಡಗಿನಿಂದ ಎತ್ತಿದ ವಸ್ತುಗಳ ಮೆರುಗನ್ನು ಸಮುದ್ರವೇ ತಿಂದಿರುತ್ತದೆ. 1640ರ ದಶಕದಲ್ಲಿ ದಕ್ಷಿಣ ಚೀನಾ ಸಮುದ್ರದಲ್ಲಿ ಮುಳುಗಿ 1983ರಲ್ಲಿ ಮುಳುಗಿದ ಹಡಗುಗಳ ಶೋಧಕ ಮೈಕೇಲ್ ಹ್ಯಾಚರ್ ಸರಕು ಎತ್ತಿಸಿದ ಹಡಗಿನಲ್ಲೂ, ವಿಯೆಟ್ನಾಮಿನ ಬಳಿ ಸುಮಾರು 1690ರಲ್ಲಿ ಮುಳುಗಿದ ವುಂಗ್ ತಾವ್ ಹಡಗಿನಲ್ಲೂ ದೆಹುವಾ ಬಿಳಿ ಪಿಂಗಾಣಿ ಸಿಕ್ಕಿತು. ಕಾಲ ಗೊತ್ತಿರುವ ಇಂಥ ಸರಕು ಉಳಿದವನ್ನು ಹೋಲಿಸಲು ಬಹಳ ನೆರವಾಗುತ್ತದೆ. ಆದರೆ ಹಡಗಿನ ಮಾಲು ಎಂದು ಹೇಳಿದರೆ ಹರಾಜಿನ ಚೀಟಿ, ಸಂಖ್ಯೆ, ರಶೀದಿ ತೋರಿಸಬೇಕು.

ಟಾರ್ಚನ್ನು ಒಳಗಿಟ್ಟು ಕತ್ತಲೆ ಕೋಣೆಯಲ್ಲಿ ನೋಡಿ. ತೆಳುವಾದ ಕಡೆ ಬೆಳಕು ಬೆಚ್ಚಗಿನ ಛಾಯೆಯಲ್ಲಿ ಹೊರಬರುತ್ತದೆ. ರಿಪೇರಿ ತುಂಬಿದ ಜಾಗ ಕಪ್ಪಗೆ ಕಾಣುತ್ತದೆ. ಆಮೇಲೆ ಯುವಿ: ಹಳೆಯ ಅಂಟು, ಬಣ್ಣ, ರಾಳದ ತೇಪೆ ಉಳಿದ ಮೈಗಿಂತ ಬೇರೆಯಾಗಿ ಮಿನುಗುತ್ತವೆ. ಹೊಸ ಕೆಲವು ರಾಳಗಳು ಯುವಿಗೆ ಸಿಕ್ಕಿಬೀಳುವುದಿಲ್ಲ. ಆಗ ಬಾಯಿಯಂಚಿನ ಸುತ್ತ ಬೆರಳಾಡಿಸಿ, ಬಣ್ಣ ಹೊಡೆದ ಕಡೆ ಪಿಂಗಾಣಿಯ ತಂಪು ಇರುವುದಿಲ್ಲ. ಮಾರುವವರ ಒಪ್ಪಿಗೆ ಪಡೆದು ಅಸಿಟೋನಿನ ಹತ್ತಿಕಡ್ಡಿಯನ್ನು ಸಂಶಯದ ಜಾಗಕ್ಕೆ ಮುಟ್ಟಿಸಿದರೆ ಬಣ್ಣ ಮೆತ್ತಗಾಗುತ್ತದೆ. ಒಪ್ಪಿಗೆಯಿಲ್ಲದೆ ಮುಟ್ಟಿಸಬೇಡಿ. ಸಿಂಹದ ಮೂಗು, ಕಿವಿ, ಡಿಂಗ್ ಮಾದರಿಯ ಮೇಲಿನ ಕಿವಿಗಳು, ಬಾಯಿಯಂಚು, ರಿಪೇರಿ ಹೆಚ್ಚಾಗಿ ಅಡಗಿರುವುದು ಇಲ್ಲೇ.

ಮುದ್ರೆಯನ್ನು ಕೊನೆಗೆ ಓದಿ. ಕಂಚಿನ ಧೂಪದಾನಿಗಳಿಗೆ ಹೆಸರಾದ ಶ್ವಾಂದೆ ಚಕ್ರವರ್ತಿಯ (ಆಳ್ವಿಕೆ 1425–1435) ಹೆಸರು ಅವನು ಸತ್ತು ಇನ್ನೂರು, ಮುನ್ನೂರು ವರ್ಷಗಳ ನಂತರದ ಬಿಳಿ ಧೂಪದಾನಿಗಳ ತಳದಲ್ಲೂ ಬರುತ್ತದೆ. ಅದರಲ್ಲಿ ಮೋಸದ ಉದ್ದೇಶವೇ ಇರಬೇಕೆಂದಿಲ್ಲ, ಹಿಂದಿನವರಿಗೆ ಸಲ್ಲಿಸುವ ಗೌರವವಾಗಿಯೂ ಬರೆಯುತ್ತಿದ್ದರು. ಹೆ ಚಾವ್‌ಝೊಂಗ್ ಎಂಬ ಮಿಂಗ್ ಕೊನೆಯ ಪ್ರಸಿದ್ಧ ವಿಗ್ರಹ ಶಿಲ್ಪಿಯ ಮುದ್ರೆಯನ್ನು ಅಂದಿನಿಂದ ಇಂದಿನವರೆಗೂ ಒತ್ತುತ್ತಲೇ ಇದ್ದಾರೆ. ನೋಡಬೇಕಾದ್ದು ಮುದ್ರೆ ಹೇಗೆ ಬಂದಿದೆ ಎಂಬುದನ್ನು. ಹಸಿ ಜೇಡಿಯ ಮೇಲೆ ಗೀರಿದ್ದರೆ ಗೆರೆಯ ಅಂಚಿನಲ್ಲಿ ಜೇಡಿ ಮೇಲೆದ್ದು ದುಂಡಗಾಗಿರುತ್ತದೆ, ಮೆರುಗು ಇದ್ದರೆ ಅದು ಗೆರೆಯೊಳಗೆ ನಿಂತಿರುತ್ತದೆ. ಸುಟ್ಟ ಮೇಲೆ ಚಕ್ರದಿಂದ ಕೊರೆದಿದ್ದರೆ ಅಂಚು ಮುಕ್ಕಾಗಿ ಪುಡಿ ಪುಡಿಯಾಗಿ ಕಾಣುತ್ತದೆ.

ಕೊರೆದ ಮುದ್ರೆಯಲ್ಲೂ ಒಂದು ಬಗೆ ಬೆಲೆಬಾಳುವಂಥದ್ದು. ಜರ್ಮನಿಯ ಸ್ಯಾಕ್ಸನಿಯ ದೊರೆ ಆಗಸ್ಟಸ್ ದಿ ಸ್ಟ್ರಾಂಗ್ ಡ್ರೆಸ್ಡೆನ್‌ನಲ್ಲಿ ಸಾವಿರಕ್ಕೂ ಮಿಕ್ಕಿದ ದೆಹುವಾ ವಸ್ತುಗಳನ್ನು ಕೂಡಿಹಾಕಿದ್ದ. 1721ರಲ್ಲಿ ಆರಂಭವಾದ ಅಲ್ಲಿನ ಪಟ್ಟಿಯ ಪ್ರಕಾರ ಒಂದೊಂದರ ತಳದಲ್ಲೂ ಸಂಖ್ಯೆ ಕೊರೆದು ಕಪ್ಪು ತುಂಬಿದರು. ಚೀನಾದ ಬಿಳಿ ಪಿಂಗಾಣಿಯ ಗುರುತು ತ್ರಿಕೋನ. ಅದನ್ನೂ ನಕಲು ಮಾಡುತ್ತಾರೆ, ಹಾಗಾಗಿ ಸಂಖ್ಯೆಯನ್ನು ಡ್ರೆಸ್ಡೆನ್ ಪಟ್ಟಿಯ ವಿವರಣೆಯೊಂದಿಗೆ ಹೋಲಿಸದೆ ನಂಬಬೇಡಿ. ಹೋಲಿಸಲು ಇನ್ನೊಂದು ಒಳ್ಳೆಯ ಜಾಗ ಬ್ರಿಟಿಷ್ ಮ್ಯೂಸಿಯಂ. ಪಿ. ಜೆ. ಡೊನೆಲಿ ಅವರ ದೆಹುವಾ ಸಂಗ್ರಹ 1980ರಲ್ಲಿ ಅಲ್ಲಿಗೆ ಸೇರಿತು, ಮ್ಯೂಸಿಯಂನ ಆನ್‌ಲೈನ್ ಪಟ್ಟಿಯಲ್ಲಿ ಉಚಿತವಾಗಿ ನೋಡಬಹುದು.

ವಸ್ತುವನ್ನು ಸುಟ್ಟ ಕಾಲವನ್ನು ಅಂದಾಜು ಮಾಡುವ ಥರ್ಮೋಲ್ಯೂಮಿನೆಸೆನ್ಸ್ ಪರೀಕ್ಷೆಯ ಪ್ರಮಾಣಪತ್ರವಿದೆ ಎಂದರೂ ನಿರಾಳರಾಗಬೇಡಿ. ಪಿಂಗಾಣಿಗೆ ಆ ಪರೀಕ್ಷೆ ಮಾಡಲು ತಳದಿಂದ ಸಣ್ಣ ತುಂಡನ್ನೇ ಕೊರೆದು ತೆಗೆಯಬೇಕು, ಪುಟ್ಟ ಧೂಪದಾನಿಗೆ ಅದು ದೊಡ್ಡ ಗಾಯ. ಕೃತಕವಾಗಿ ವಿಕಿರಣ ಹಾಯಿಸಿ ಫಲಿತಾಂಶವನ್ನು ಕೆಡಿಸಲೂ ಸಾಧ್ಯ.

ತೊಳೆಯುವುದು

ಇಲ್ಲಿ ಅವಸರ ಮಾಡಿದವರಿಂದ ಹಾಳಾದ ವಸ್ತುಗಳು ಬಹಳ. ತೊಳೆಯುವ ಮುಂಚೆ ಮಸೂರ ಹಿಡಿದು ಕೆಂಪು ಬಣ್ಣದ ಅಥವಾ ಚಿನ್ನದ ಚೂರುಪಾರು ಇದೆಯೇ ನೋಡಿ. ದೆಹುವಾದ ಕೆಲವು ವಸ್ತುಗಳಿಗೆ ಸುಟ್ಟ ನಂತರ ತಣ್ಣನೆಯ ಬಣ್ಣ, ಚಿನ್ನದ ಲೇಪ ಹಚ್ಚುತ್ತಿದ್ದರು. ನೂರಾರು ವರ್ಷ ಉಳಿದ ಆ ಚೂರನ್ನು ಒಂದು ಸ್ಕ್ರಬ್ಬರ್ ಅರೆಗಳಿಗೆಯಲ್ಲಿ ತೆಗೆದುಬಿಡುತ್ತದೆ. ಬಣ್ಣವಿದ್ದರೆ ಒಣ ಮೃದು ಕುಂಚದಿಂದ ಧೂಳು ಕೊಡವಿ, ಅಷ್ಟೇ ಸಾಕು.

ಬಣ್ಣವಿಲ್ಲ, ಹಳೆಯ ರಿಪೇರಿಯೂ ಇಲ್ಲ ಎಂದು ಖಚಿತವಾದ ಮೇಲೆ ಪ್ಲಾಸ್ಟಿಕ್ ಟಬ್ಬಿನ ತಳಕ್ಕೆ ಟವೆಲ್ ಹಾಸಿ, ಉಗುರುಬೆಚ್ಚಗಿನ ನೀರಿಗೆ ಸೌಮ್ಯ ದ್ರವ ಸಾಬೂನು ಎರಡು ಮೂರು ಹನಿ ಹಾಕಿ. ನಲ್ಲಿಯ ಕೆಳಗೆ ಹಿಡಿಯಬೇಡಿ, ಸ್ಟೀಲ್ ನಲ್ಲಿಗೆ ತಗುಲಿ ಚಕ್ಕೆ ಏಳುತ್ತದೆ. ತಳದಲ್ಲಿ ಗಟ್ಟಿಯಾದ ಬೂದಿಯನ್ನು ಚಮಚದಿಂದ ಕೆರೆಯದೆ ನೆನೆಯಲು ಬಿಟ್ಟು ಬಿದಿರಿನ ಕಡ್ಡಿಯಿಂದ ಸಡಿಲಿಸಿ. ಧೂಪದ ಕಂದು ರಾಳ ನೀರಿಗೆ ಬಗ್ಗುವುದಿಲ್ಲ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯನ್ನು ಹತ್ತು ಹದಿನೈದು ನಿಮಿಷ ಅದರ ಮೇಲೆ ಕೂರಿಸಿದರೆ ಮೆತ್ತಗಾಗುತ್ತದೆ, ಬೇಕಾದರೆ ಮತ್ತೊಮ್ಮೆ.

ಕೂದಲೆಳೆ ಬಿರುಕಿನೊಳಗಿನ ಕಂದು ಗೆರೆಗೆ ಹೈಡ್ರೋಜನ್ ಪೆರಾಕ್ಸೈಡ್, 3ರಿಂದ 6 ಶೇಕಡಾ ಬಲದ್ದು. ಮೊದಲು ಬಿರುಕನ್ನು ಶುದ್ಧ ನೀರಿನಲ್ಲಿ ನೆನೆಸಿ. ಒಣ ಬಿರುಕಿಗೆ ಹಾಕಿದರೆ ಕೊಳೆ ಇನ್ನೂ ಒಳಕ್ಕೆ ಓಡುತ್ತದೆ. ಹತ್ತಿಯನ್ನು ಪೆರಾಕ್ಸೈಡಿನಲ್ಲಿ ಅದ್ದಿ ಗೆರೆಯ ಮೇಲಿಟ್ಟು ಪ್ಲಾಸ್ಟಿಕ್ ಹಾಳೆ ಮುಚ್ಚಿ, ಕೆಲವು ಗಂಟೆ ಬಿಟ್ಟು ಬದಲಾಯಿಸಿ. ಕೊನೆಗೆ ಡಿಸ್ಟಿಲ್ಡ್ ನೀರಿನಲ್ಲಿ ಚೆನ್ನಾಗಿ ತೊಳೆದು ನಾಲ್ಕೈದು ದಿನ ಒಣಗಲು ಬಿಡಿ. ಕಬ್ಬಿಣದ ಹೊಲಿಗೆ ಹಾಕಿದ ಹಳೆಯ ರಿಪೇರಿ ಇದ್ದರೆ ಈ ಕೆಲಸ ಬೇಡ, ತುಕ್ಕು ಹರಡುತ್ತದೆ. ಬಟ್ಟೆಗೆ ಹಾಕುವ ಕ್ಲೋರಿನ್ ಬ್ಲೀಚ್ ಅಂತೂ ಮುಟ್ಟಲೇಬೇಡಿ. ಅದರ ಉಪ್ಪು ಬಿರುಕಿನಲ್ಲಿ ಉಳಿದು, ಒಣಗುವಾಗ ಹರಳುಗಟ್ಟಿ ಮೆರುಗನ್ನು ಒಳಗಿನಿಂದ ಎಬ್ಬಿಸುತ್ತದೆ.

ಸಮುದ್ರದಿಂದ ಬಂದದ್ದಾದರೆ ಉಪ್ಪು ತೆಗೆಯುವುದೇ ಮೊದಲ ಕೆಲಸ. ಡಿಸ್ಟಿಲ್ಡ್ ನೀರಿನಲ್ಲಿ ಮುಳುಗಿಸಿಟ್ಟು ವಾರಕ್ಕೊಮ್ಮೆ ನೀರು ಬದಲಿಸಿ. ಮನೆಯ ವಾಟರ್ ಫಿಲ್ಟರ್ ಪರೀಕ್ಷಿಸುವ ಟಿಡಿಎಸ್ ಮೀಟರ್ ಇದಕ್ಕೆ ಸಾಕು. ವಾರದ ಕೊನೆಗೂ ಅಳತೆ ಏರದೆ ನಿಂತರೆ ಉಪ್ಪು ಬಿಟ್ಟಿದೆ ಎಂದರ್ಥ.

ಧೂಪ ಹಾಕಬಹುದೇ?

ಬಿರುಕು, ರಿಪೇರಿ ಇರುವುದಕ್ಕೆ ಖಂಡಿತ ಬೇಡ. ಗಟ್ಟಿಯಾಗಿರುವ, ಅಷ್ಟೇನೂ ಅಪರೂಪವಲ್ಲದ ಧೂಪದಾನಿಗೆ ಹಾಕಬಹುದು, ಬೂದಿಯನ್ನು ಸರಿಯಾಗಿ ತುಂಬಿದರೆ. ಧೂಪದಾನಿಯ ಕೆಲಸವೇ ಬೂದಿ ಹಿಡಿದುಕೊಳ್ಳುವುದು, ಬಿಸಿಯನ್ನು ಪಿಂಗಾಣಿಗೆ ತಾಗದಂತೆ ತಡೆಯುವುದು ಬೂದಿ. ಬರಿ ಪಿಂಗಾಣಿಯ ಮೇಲೆ ಕೆಂಡ ಇಟ್ಟರೆ ಒಂದು ಕಡೆ ಕಾಯ್ದು ಇನ್ನೊಂದು ಕಡೆ ತಣ್ಣಗಿದ್ದು ಟಪ್ಪೆಂದು ಸೀಳುತ್ತದೆ. ನಯವಾಗಿ ಜರಡಿ ಹಿಡಿದ ಬೂದಿಯನ್ನು ಮೂರರಲ್ಲಿ ಎರಡು ಭಾಗ ತುಂಬಿ, ನಡುವೆ ಗುಂಡಿ ಮಾಡಿ, ಬೇರೆ ಕಡೆ ಪೂರ್ತಿ ಕಾಯಿಸಿದ ಸಣ್ಣ ಇದ್ದಿಲಿನ ಕೆಂಡ ಇಟ್ಟು ಬೂದಿ ಮುಚ್ಚಿ. ಮೇಲೆ ಉಸಿರಾಡಲು ಒಂದು ತೂತು. ತೂತಿನ ಮೇಲೆ ಅಭ್ರಕದ ತೆಳು ಬಿಲ್ಲೆ, ಅದರ ಮೇಲೆ ಚಿಟಿಕೆ ಗಂಧದ ಪುಡಿ. ಹೀಗೆ ಕಾಯಿಸಿದರೆ ಹೊಗೆ ಏಳದೆ ಪರಿಮಳ ಮಾತ್ರ ಬರುತ್ತದೆ. ಹೊಗೆ ಬಂದರೆ ಕೆಂಡ ಮೇಲಾಗಿದೆ, ಇನ್ನಷ್ಟು ಬೂದಿ ಬೇಕು. ಚೀನಾದ ಧೂಪಪ್ರಿಯರು ಮೇಲ್ತರಗತಿಯೆಂದು ಬಯಸುವ ಗಂಧ ನಮ್ಮ ಮೈಸೂರು ಸೀಮೆಯದೇ, ಈ ವಿಧಾನಕ್ಕೆ ಅದು ಚೆನ್ನಾಗಿ ಒಪ್ಪುತ್ತದೆ.

ನಮ್ಮ ಅಂಗಡಿಗಳ ಸುಗಂಧದ ಎಣ್ಣೆಯಲ್ಲಿ ಅದ್ದಿದ ಅಗರಬತ್ತಿ ಬೇಡ. ಅದರ ಅಂಟಂಟು ಹೊಗೆ ಅಂಚಿನ ಒಳಬದಿಗೆ ಕಂದಾಗಿ ಕೂರುತ್ತದೆ, ಮೆರುಗಿಲ್ಲದ ಒಡಲಿಗೆ ಇಳಿದರೆ ಬಿಡಿಸುವುದು ಕಷ್ಟ. ಮುಂಗಾರಿನ ತಿಂಗಳುಗಳಲ್ಲಿ ಬೂದಿ ಖಾಲಿ ಮಾಡಿಡಿ. ಕಟ್ಟಿಗೆ ಬೂದಿ ತೇವ ಹೀರಿ ಕ್ಷಾರವಾಗಿ ಗಟ್ಟಿಯಾಗುತ್ತದೆ.

ಕೊಳ್ಳುವಾಗ, ತರಿಸುವಾಗ

ಹರಾಜಿನ ಪಟ್ಟಿಯಲ್ಲಿ '18ನೇ ಶತಮಾನ' ಎಂದಿರುವುದಕ್ಕೂ 'ಕಾಂಗ್ಶಿ ಶೈಲಿ' (ಕಾಂಗ್ಶಿ ಒಬ್ಬ ಚಿಂಗ್ ಚಕ್ರವರ್ತಿ) ಎಂದಿರುವುದಕ್ಕೂ ಅಜಗಜಾಂತರ. ಎರಡನೆಯದು ಕಾಲದ ಬಗ್ಗೆ ಯಾವ ಭರವಸೆಯನ್ನೂ ಕೊಡುವುದಿಲ್ಲ. ಬರವಣಿಗೆಯಲ್ಲಿ ಸ್ಥಿತಿ ವರದಿ ಕೇಳಿ. ತಳ, ಒಳಮೈ, ಎರಡೂ ಸಿಂಹದ ಹಿಂಬದಿಯ ಫೋಟೋ ಬೇಕೆಂದು ಹೆಸರಿಸಿಯೇ ಕೇಳಿ. ಕೂಗಿದ ಬೆಲೆಯ ಮೇಲೆ ಸಂಸ್ಥೆಯ ಕಮಿಷನ್ ಕಾಲು ಭಾಗದಷ್ಟು ಇರುವುದುಂಟು. ಸಾಗಣೆ, ವಿಮೆ, ಸುಂಕ ಎಲ್ಲ ಸೇರಿಸಿ ಲೆಕ್ಕ ಹಾಕಿದ ಮೇಲೆ ಬೆಲೆ ಕೂಗಿ.

ಚೀನಾದಿಂದ ನೇರವಾಗಿ ಹಳೆಯದನ್ನು ತರುವ ಮಾತಿಗೆ ಮರುಳಾಗಬೇಡಿ. 1911ಕ್ಕಿಂತ ಹಿಂದಿನ ಸಾಂಸ್ಕೃತಿಕ ವಸ್ತುಗಳು ಆ ದೇಶದಿಂದ ಹೊರಹೋಗದಂತೆ 2007ರ ಮಾನದಂಡ ತಡೆಯುತ್ತದೆ. ಹಾಗಾಗಿ ಯುರೋಪಿನಲ್ಲೋ ಬೇರೆಡೆಯೋ ಬಹಳ ಹಿಂದೆಯೇ ಇದ್ದದ್ದು ಎಂಬ ಕಾಗದಪತ್ರ ಇರುವುದನ್ನೇ ಆರಿಸಿ. ಭಾರತಕ್ಕೆ ತರಿಸುವಾಗ ನೂರು ವರ್ಷ ಮೀರಿದ ಪುರಾತನ ವಸ್ತುಗಳಿಗೆ ಸುಂಕದ ಪಟ್ಟಿಯಲ್ಲಿ 9706 ಎಂಬ ಪ್ರತ್ಯೇಕ ಶೀರ್ಷಿಕೆ ಇದೆ. ಬಿಲ್ಲಿನಲ್ಲಿ ವಸ್ತುವಿನ ವಯಸ್ಸು ಸ್ಪಷ್ಟವಾಗಿ ಬರೆಸಿ, ಇಲ್ಲದಿದ್ದರೆ ಸಾಧಾರಣ ಪಿಂಗಾಣಿ ಸಾಮಾನು ಎಂದು ಲೆಕ್ಕಕ್ಕೆ ಬರಬಹುದು. ಒಮ್ಮೆ ಇಲ್ಲಿಗೆ ಬಂದ ಮೇಲೆ ವಿದೇಶದಲ್ಲಿ ಮಾರುವ ಯೋಚನೆ ಬಂದರೆ 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯನ್ನು ಮೊದಲು ನೋಡಬೇಕು. ನೂರು ವರ್ಷ ದಾಟಿದ ಕಲಾವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ.

ಸಾಗಿಸುವವರಿಗೆ ಎರಡು ಪೆಟ್ಟಿಗೆಯ ಪ್ಯಾಕಿಂಗ್ ಬೇಕೆಂದು ಬರೆದು ತಿಳಿಸಿ. ಒಳಗಿನ ಪೆಟ್ಟಿಗೆಯಲ್ಲಿ ಧೂಪದಾನಿ, ಎರಡು ಪೆಟ್ಟಿಗೆಗಳ ನಡುವೆ ಎಲ್ಲ ಬದಿಗೂ ಕನಿಷ್ಠ 5 ಸೆಂಟಿಮೀಟರ್ ಮೆತ್ತೆ. ಮೊದಲ ಸುತ್ತು ಆಮ್ಲರಹಿತ ಟಿಶ್ಯೂ ಕಾಗದ, ಬಬಲ್ ಹಾಳೆ ಅದರ ಮೇಲೆ. ಹೊಟ್ಟೆಯೊಳಗೆ ಕಾಗದ ಸಡಿಲವಾಗಿ ತುಂಬಲಿ, ಗಿಡಿದು ತುಂಬಿದರೆ ಒಳಗಿನಿಂದ ಒತ್ತಡ ಬಿದ್ದು ಹಳೆಯ ಬಿರುಕು ಬಾಯಿಬಿಡುತ್ತದೆ. ಮೈಗೆ ನೇರವಾಗಿ ಟೇಪ್ ಅಂಟಿಸಬಾರದು, ಮರದ ಮುಚ್ಚಳವನ್ನು ಬೇರೆಯೇ ಸುತ್ತಬೇಕು. ಬಂದ ಪೆಟ್ಟಿಗೆಯನ್ನು ತೆರೆಯುವುದನ್ನು ವಿಡಿಯೋ ಮಾಡಿ. ತೂಕವನ್ನು ಗ್ರಾಂ ಲೆಕ್ಕದಲ್ಲಿ, ಎತ್ತರ-ಅಗಲವನ್ನು ಮಿಲಿಮೀಟರಿನಲ್ಲಿ ಬರೆದು, ಬಿಲ್ಲು, ಹಳೆಯ ಚೀಟಿ, ಯುವಿ ಫೋಟೋ ಎಲ್ಲವನ್ನೂ ಒಂದೇ ಫೈಲಿನಲ್ಲಿಡಿ. ತಳಕ್ಕೆ ಅಂಟಿಸಿದ ಹಿಂದಿನ ಸಂಗ್ರಾಹಕರ ಚೀಟಿಯನ್ನು ಮಾತ್ರ ಕೀಳಬೇಡಿ, ತೊಳೆಯುವಾಗಲೂ ಅದು ನೆನೆಯದಿರಲಿ.